ಬೂದಿಯ ಮೇಲಿನ ಹಸಿರು

(ಬಾನುಲಿ ಭಾಷಣ)

ಮಹಾಭಾರತದ ಆದಿಪರ್ವದ ಕೊನೆಯಲ್ಲಿ ಖಾಂಡವವನದ ದಹನದ ಕಥೆ ಬರುತ್ತದೆ. ಅಗ್ನಿಯ ಹಸಿವನ್ನು ತಣಿಸುವುದಕ್ಕಾಗಿ ಕೃಷ್ಣಾರ್ಜುನರು ಆ ಕಾಡಿನ ಎರಡು ಪಕ್ಕಗಳಲ್ಲಿ ನಿಂತು, ಒಳಗಿನ ಜೀವಿಗಳು ಹೊರಗೆ ಬಾರದಂತೆ ಕಾವಲಿದ್ದು, ಇಡೀ ವನವನ್ನು ಅವನಿಗೆ ಉಣಬಡಿಸುತ್ತಾರೆ. ಕನ್ನಡದಲ್ಲಿ ಪಂಪನೂ ಕುಮಾರವ್ಯಾಸನೂ ಈ ಪ್ರಸಂಗವನ್ನು ತಮ್ಮ ತಮ್ಮ ರೀತಿಯಲ್ಲಿ ವರ್ಣಿಸಿದ್ದಾರೆ. ಉರಿಯ ಆರ್ಭಟಕ್ಕೆ ಕವಿಗಳ ಪ್ರತಿಭೆ ಹೇಗೆ ಕೆರಳುತ್ತದೆಂಬುದಕ್ಕೆ ಆ ಭಾಗಗಳೇ ಸಾಕ್ಷಿ. ಆದರೆ ಉರಿ ಆರಿದ ಮರುದಿನ ಆ ನೆಲ ಹೇಗಿತ್ತು, ಮೊದಲ ಮಳೆ ಬಿದ್ದಾಗ ಅಲ್ಲಿ ಏನು ಮೊಳೆಯಿತು, ಹಿಂದಿನ ಕಾಡೇ ಮತ್ತೆ ಎದ್ದಿತೋ ಇಲ್ಲವೋ ಎಂಬುದನ್ನು ಕಥೆ ಹೇಳುವುದಿಲ್ಲ. ಉಳಿದವರ ಲೆಕ್ಕವನ್ನು ಮಾತ್ರ ವ್ಯಾಸಭಾರತ ಕೊಡುತ್ತದೆ: ತಕ್ಷಕನ ಮಗನಾದ ಅಶ್ವಸೇನ, ದಾನವಶಿಲ್ಪಿ ಮಯ, ಶಾರ್ಙ್ಗಕವೆಂಬ ಹಕ್ಕಿಯ ನಾಲ್ಕು ಮರಿಗಳು. ಒಟ್ಟು ಆರು ಜೀವ. ಅಲ್ಲಿಂದ ಕಥೆ ಮಯನು ಕಟ್ಟಿಕೊಟ್ಟ ಸಭಾಭವನದ ಕಡೆಗೆ ಹೊರಳುತ್ತದೆ.

ಕವಿಗಳನ್ನು ಆಕ್ಷೇಪಿಸುವುದಕ್ಕಾಗಿ ನಾನು ಈ ಮಾತನ್ನು ಹೇಳುತ್ತಿಲ್ಲ. ನಮ್ಮ ಕಾಲದ ರೀತಿಯೂ ಇದೇ ಆಗಿದೆ. ಕಾಡಿಗೆ ಬೆಂಕಿ ಬಿದ್ದಾಗ ನಾಲ್ಕು ದಿನ ಅದೇ ಸುದ್ದಿ, ಅದೇ ಚಿತ್ರ, ಅದೇ ಮರುಕ. ಐದನೆಯ ದಿನ ಬೇರೊಂದು ಸುದ್ದಿ ಬಂದು ಅದರ ಸ್ಥಾನವನ್ನು ಆಕ್ರಮಿಸುತ್ತದೆ. ಆದರೆ ಕಾಡಿನ ಪಾಲಿಗೆ ಬೆಂಕಿಯೆಂಬುದು ಆ ನಾಲ್ಕು ದಿನಗಳಲ್ಲಿ ಮುಗಿಯುವ ಘಟನೆಯಲ್ಲ. ಅದರ ನಿಜವಾದ ಲಾಭನಷ್ಟ ತಿಳಿಯಬೇಕಾದರೆ ಹಲವು ಮಳೆಗಾಲಗಳು ಕಳೆಯಬೇಕು. ಇಂದು ನಾನು ಮಾತನಾಡಬಯಸುವುದು ಆ ಐದನೆಯ ದಿನದಿಂದ ಮುಂದಿನ ಕಥೆಯನ್ನು ಕುರಿತು.

ನಮಗೆಲ್ಲ ಪರಿಚಿತವಾದ ಬಂಡೀಪುರವನ್ನೇ ತೆಗೆದುಕೊಳ್ಳೋಣ. 1931ರಲ್ಲಿ ಮೈಸೂರಿನ ಅರಸರು ಸುಮಾರು 90 ಚದರ ಕಿಲೋಮೀಟರ್ ಕಾಡನ್ನು ಮೃಗಗಳಿಗೆ ಬಿಟ್ಟುಕೊಟ್ಟರು. ಹತ್ತು ವರ್ಷಗಳ ಅನಂತರ ಅದು ವಿಸ್ತಾರಗೊಂಡು, ಬೆಟ್ಟದ ಮೇಲಿನ ದೇವರ ಹೆಸರಿನಿಂದ ವೇಣುಗೋಪಾಲ ವನ್ಯೋದ್ಯಾನವಾಯಿತು. 1973ರಲ್ಲಿ ದೇಶದಲ್ಲಿ ಹುಲಿ ಯೋಜನೆ ಆರಂಭವಾದಾಗ ಆರಿಸಲಾದ ಮೊದಲ ಒಂಬತ್ತು ಕಾಡುಗಳಲ್ಲಿ ಇದೂ ಒಂದು. ಇಂಥ ಕಾಡಿಗೆ 2019ರ ಫೆಬ್ರುವರಿ ತಿಂಗಳ ಮೂರನೆಯ ವಾರದ ಕೊನೆಯಲ್ಲಿ ಬೆಂಕಿ ಬಿತ್ತು. ಹಿಂದಿನ ಮಳೆಗಾಲ ಸಮೃದ್ಧವಾಗಿದ್ದುದರಿಂದ ಹುಲ್ಲು ಪೊದೆಗಳು ಎದೆಯುದ್ದ ಬೆಳೆದು, ಬೇಸಗೆಯ ಬಿಸಿಲಿಗೆ ಒಣಗಿ ನಿಂತಿದ್ದವು. ಅದಕ್ಕೂ ಕೆಲವು ವರ್ಷಗಳ ಹಿಂದೆ ಸಾಮೂಹಿಕವಾಗಿ ಹೂಬಿಟ್ಟು ಸತ್ತ ಹೆಬ್ಬಿದಿರಿನ ಮೆಳೆಗಳು ಅಲ್ಲಲ್ಲಿ ಸೌದೆಯಂತೆ ಒರಗಿದ್ದವು. ಗಾಳಿಯೂ ಜೋರಾಗಿತ್ತು. ಕೇವಲ ಐದು ದಿನಗಳಲ್ಲಿ ಉರಿ ಕುಂದಕೆರೆ, ಗೋಪಾಲಸ್ವಾಮಿ ಬೆಟ್ಟದ ಸುತ್ತಿನ ಇಳಿಜಾರುಗಳನ್ನು ವ್ಯಾಪಿಸಿತು. ಸೊಪ್ಪಿನ ಕೊಂಬೆಗಳನ್ನು ಹಿಡಿದು ಬೆಂಕಿಯನ್ನು ಬಡಿಯುತ್ತಿದ್ದ ಕಾವಲುಗಾರರಿಗೆ ನೆರವಾಗಲು ಊರೂರಿನ ಯುವಕರು ಬಂದರು. ಕೊನೆಗೆ ವಾಯುಸೇನೆಯ ಹೆಲಿಕಾಪ್ಟರುಗಳು ಬಂದು ಆಕಾಶದಿಂದ ನೀರು ಸುರಿಯಬೇಕಾಯಿತು. ಉಪಗ್ರಹದ ಚಿತ್ರಗಳನ್ನು ಪರಿಶೀಲಿಸಿದ ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ, ಸುಟ್ಟ ಪ್ರದೇಶ ಸುಮಾರು 4,400 ಹೆಕ್ಟೇರು ಎಂದು ಅಂದಾಜು ಮಾಡಿತು. ನಮ್ಮ ರೈತರ ಲೆಕ್ಕದಲ್ಲಿ ಹೇಳುವುದಾದರೆ ಹತ್ತಿರಹತ್ತಿರ ಹನ್ನೊಂದು ಸಾವಿರ ಎಕರೆ.

ಬೆಂಕಿ ಆರಿದ ಕಾಡಿನಲ್ಲಿ ಮೊದಲು ಮನಸ್ಸಿಗೆ ತಾಗುವುದು ಮೌನ. ಜೀರುಂಡೆಯ ಸದ್ದಿಲ್ಲ, ತರಗೆಲೆಯ ಸರಪರವಿಲ್ಲ. ನೆಲವೆಲ್ಲ ಕಪ್ಪು. ನಡುನಡುವೆ ಬೆಳ್ಳಗೆ ಬೂದಿಯ ಗೆರೆಗಳು. ಉದ್ದವಾಗಿ ಬಿದ್ದಿದ್ದ ಮರವೊಂದು ಪೂರ್ತಿಯಾಗಿ ಉರಿದು, ತನ್ನ ಆಕಾರವನ್ನು ಮಾತ್ರ ಬೂದಿಯಲ್ಲಿ ಬರೆದಿಟ್ಟು ಹೋಗಿರುತ್ತದೆ. ಈ ಬೂದಿಯೇ ಕಾಡಿಗೆ ಗೊಬ್ಬರವಾಗುತ್ತದಲ್ಲವೇ ಎಂದು ಕೇಳುವವರುಂಟು. ಆ ಮಾತು ಅರ್ಧ ಮಾತ್ರ ನಿಜ. ಎಲೆಯಲ್ಲಿಯೂ ಕಡ್ಡಿಯಲ್ಲಿಯೂ ಇದ್ದ ಸುಣ್ಣ, ಪೊಟ್ಯಾಷ್, ರಂಜಕಗಳು ಬೂದಿಯಲ್ಲಿ ಉಳಿಯುತ್ತವೆ. ಸಾರಜನಕದ ಬಹುಭಾಗ ಹೊಗೆಯೊಂದಿಗೆ ಗಾಳಿಗೆ ಸೇರಿಹೋಗುತ್ತದೆ. ಉಳಿದ ಬೂದಿಯಾದರೂ ನೆಲದಲ್ಲಿ ನಿಲ್ಲಬೇಕಾದರೆ ಮೊದಲ ಮಳೆ ಮೆಲ್ಲಗೆ ಬರಬೇಕು. ನಮ್ಮ ಸೀಮೆಯ ಮುಂಗಾರು ಮುನ್ನಿನ ಮಳೆಗೆ ಆ ಸೌಜನ್ಯವಿಲ್ಲ. ಗುಡುಗು ಸಿಡಿಲುಗಳೊಂದಿಗೆ ದಪ್ಪ ದಪ್ಪ ಹನಿಗಳಾಗಿ ಬಂದು, ತರಗಿನ ಹೊದಿಕೆಯಿಲ್ಲದ ಬರಿಯ ನೆಲಕ್ಕೆ ಬಡಿದು, ಬೂದಿಯನ್ನೂ ಅದರ ಕೆಳಗಿನ ಮೇಲ್ಮಣ್ಣನ್ನೂ ಕೊಚ್ಚಿಕೊಂಡು ಹಳ್ಳಕ್ಕೆ ಇಳಿಯುತ್ತದೆ. ಬೇಸಗೆಯಲ್ಲಿ ಆನೆ, ಕಾಟಿಗಳು ನಂಬಿಕೊಂಡಿರುವ ಕೆರೆಗಳ ನೀರು ಕಪ್ಪಗಾಗುತ್ತದೆ. ಅವುಗಳ ತಳದಲ್ಲಿ ಹೂಳು ಒಂದು ಪದರ ಏರುತ್ತದೆ.

ಪ್ರಾಣಿಗಳ ವಿಷಯದಲ್ಲಿ ಎರಡು ಅತಿರೇಕದ ಮಾತುಗಳನ್ನು ಕೇಳುತ್ತೇವೆ. ಎಲ್ಲವೂ ಸತ್ತವು ಎಂಬುದು ಒಂದು. ಎಲ್ಲವೂ ಓಡಿಹೋದವು ಎಂಬುದು ಇನ್ನೊಂದು. ಆನೆ, ಹುಲಿ, ಕಾಟಿ, ಜಿಂಕೆಗಳಂಥ ದೊಡ್ಡ ಪ್ರಾಣಿಗಳು ಹೊಗೆಯ ವಾಸನೆ ಹಿಡಿದು ಬಹುಮಟ್ಟಿಗೆ ಪಾರಾಗುತ್ತವೆ. ಸಾಯುವವು ಮಂದಗತಿಯ ಚಿಕ್ಕ ಜೀವಗಳು, ಯಾರೂ ಲೆಕ್ಕವಿಡದ ಜೀವಗಳು: ಆಮೆ, ಹಾವು, ಹಾವುರಾಣಿ, ನೆಲದ ಮೇಲೆ ಗೂಡುಕಟ್ಟುವ ಹಕ್ಕಿಗಳ ಮೊಟ್ಟೆ ಮರಿ, ತರಗಿನಡಿಯ ಅಸಂಖ್ಯ ಹುಳು. ಅವುಗಳಲ್ಲಿಯೂ ಬಿಲ ಸೇರಿದವು ಉಳಿಯುತ್ತವೆ. ಹುಲ್ಲಿನ ಬೆಂಕಿ ವೇಗವಾಗಿ ಹರಿದುಹೋಗುವುದರಿಂದ ನಾಲ್ಕು ಬೆರಳು ಕೆಳಗಿನ ಮಣ್ಣಿಗೆ ಅದರ ಕಾವು ಅಷ್ಟಾಗಿ ಮುಟ್ಟುವುದಿಲ್ಲ. ಖಾಂಡವದ ಕಥೆಯಲ್ಲಿ ತಾಯಿಹಕ್ಕಿ ಜರಿತೆ ತನ್ನ ಮರಿಗಳಿಗೆ ಇಲಿಯ ಬಿಲವನ್ನು ಹೊಗಿರಿ ಎಂದು ಹೇಳುತ್ತದೆ. ಮರಿಗಳು ಒಪ್ಪುವುದಿಲ್ಲ, ಇಲಿಯ ಬಾಯಿಗೆ ಬೀಳುವುದಕ್ಕಿಂತ ಅಗ್ನಿಯೇ ಮೇಲು ಎನ್ನುತ್ತವೆ. ಕಥೆಯಲ್ಲಿ ಅವುಗಳನ್ನು ಅಗ್ನಿಯೇ ಕಾಪಾಡುತ್ತಾನೆ. ಆದರೆ ತಾಯಿ ಕೊಟ್ಟ ಸಲಹೆ ಕಾಡನ್ನು ಬಲ್ಲವರ ಸಲಹೆಯಾಗಿತ್ತು ಎಂಬುದನ್ನು ನಾವು ಗಮನಿಸಬೇಕು. ಬೆಂಕಿಯಿಂದ ಪಾರಾದ ಪ್ರಾಣಿಗಳ ಕಷ್ಟ ಮರುದಿನ ಆರಂಭವಾಗುತ್ತದೆ. ಮರೆಯಿಲ್ಲದ ಬಯಲು, ಮೇವಿಲ್ಲದ ನೆಲ, ಮಳೆಗೆ ಇನ್ನೂ ಎರಡು ತಿಂಗಳು. ಹಸಿದ ಜಿಂಕೆ ಕಾಡಿನ ಅಂಚಿನ ಹೊಲಕ್ಕೆ ಬರುತ್ತದೆ. ಅದರ ಹಿಂದೆ ಅದನ್ನು ತಿನ್ನುವ ಪ್ರಾಣಿಯೂ ಬರುತ್ತದೆ. ಬೆಂಕಿಯ ಪರಿಣಾಮ ಹೀಗೆ ಕಾಡಿನ ಎಲ್ಲೆಯನ್ನು ದಾಟಿ ಊರಿಗೆ ಬರುತ್ತದೆ.

ಮನುಷ್ಯರು ತೆತ್ತ ಬೆಲೆಯನ್ನೂ ಇಲ್ಲಿ ನೆನೆಯಬೇಕು. 2017ರ ಫೆಬ್ರುವರಿಯಲ್ಲಿ ಇದೇ ಬಂಡೀಪುರದಲ್ಲಿ ಉರಿಯನ್ನು ಆರಿಸಲು ಹೋದ ಅರಣ್ಯರಕ್ಷಕರೊಬ್ಬರು ಅದಕ್ಕೆ ಬಲಿಯಾದರು. 2018ರ ಮಾರ್ಚಿಯಲ್ಲಿ ನಾಗರಹೊಳೆಯ ನಿರ್ದೇಶಕರಾಗಿದ್ದ ಮಣಿಕಂದನ್ ಬೆಂಕಿ ಬಿದ್ದಿದ್ದ ಪ್ರದೇಶವನ್ನು ಪರಿಶೀಲಿಸಲು ಹೋದಾಗ ಆನೆಯ ತುಳಿತಕ್ಕೆ ಸಿಕ್ಕಿ ಪ್ರಾಣಬಿಟ್ಟರು. ಬೆಂಕಿಯ ಎದುರಿನಲ್ಲಿ ನಿಲ್ಲುವುದು ಎಷ್ಟು ಅಪಾಯವೋ, ಅದು ಹೋದ ದಾರಿಯಲ್ಲಿ ನಡೆಯುವುದೂ ಅಷ್ಟೇ ಅಪಾಯ.

ಆ ವರ್ಷ ಮುಂಗಾರು ಹಿಡಿದ ಮೇಲೆ ನಾನು ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿದ್ದೆ. ಬೆಟ್ಟದ ಬುಡದಿಂದ ಮೇಲಕ್ಕೆ ಸರ್ಕಾರಿ ಬಸ್ಸಿನಲ್ಲಿಯೇ ಹೋಗಬೇಕು. ತಿರುವುಗಳನ್ನು ಹತ್ತುತ್ತಿದ್ದಂತೆ ಕಿಟಕಿಯ ಪಕ್ಕದಲ್ಲಿದ್ದವರೆಲ್ಲ ಬೆರಗಾದರು. ಇಳಿಜಾರುಗಳೆಲ್ಲ ಎಳೆಯ ಹಸಿರಿನಿಂದ ಹೊಳೆಯುತ್ತಿದ್ದವು. “ಪತ್ರಿಕೆಯವರು ಸುಮ್ಮನೆ ಬರೆದರು, ಇಲ್ಲಿ ಏನೂ ಸುಟ್ಟಂತೆಯೇ ಕಾಣುವುದಿಲ್ಲ” ಎಂದು ನನ್ನ ಪಕ್ಕದ ಹಿರಿಯರೊಬ್ಬರು ಸಂತೋಷದಿಂದಲೇ ಹೇಳಿದರು. ಸಸ್ಯಶಾಸ್ತ್ರದ ಪಾಠ ಹೇಳಿ ಜೀವನ ಸಾಗಿಸಿದ ನನಗೆ ಅವರ ಸಂತೋಷದಲ್ಲಿ ಪೂರ್ತಿಯಾಗಿ ಪಾಲ್ಗೊಳ್ಳಲು ಆಗಲಿಲ್ಲ. ಹಸಿರು ಬಂದಿತ್ತು, ನಿಜ. ಯಾವ ಹಸಿರು ಎಂಬುದೇ ಪ್ರಶ್ನೆ. ಈ ಪ್ರಶ್ನೆಯನ್ನು ಕೇಳದೆ ಹೋದರೆ ಬೆಂಕಿಯ ಪರಿಣಾಮವನ್ನು ಅರಿತಂತಾಗುವುದಿಲ್ಲ.

ಮೊದಲು ಮರಗಳ ವಿಚಾರ. ನಮ್ಮ ಒಣ ಎಲೆಯುದುರುವ ಕಾಡಿಗೆ ಬೆಂಕಿ ಅಪರಿಚಿತವಲ್ಲ. ಮತ್ತಿಯ ಮರದ ತೊಗಟೆಯನ್ನು ನೋಡಿ. ಮೊಸಳೆಯ ಬೆನ್ನಿನಂತೆ ಬಿರಿದು ದಪ್ಪವಾಗಿರುತ್ತದೆ. ತೇಗ, ದಿಂಡಿಗ, ಹೊನ್ನೆ ಮುಂತಾದ ಮರಗಳು ಬೇಸಗೆಯಲ್ಲಿ ಎಲೆಯನ್ನು ಕಳಚಿ, ಜೀವವನ್ನು ಕಾಂಡದಲ್ಲಿಯೂ ಬೇರಿನಲ್ಲಿಯೂ ಅಡಗಿಸಿಕೊಂಡು ನಿಲ್ಲುತ್ತವೆ. ನೆಲದ ಮೇಲಿನ ಉರಿ ಅವುಗಳ ಕಾಲನ್ನು ಕಪ್ಪಾಗಿಸಿ ಹೋಗುತ್ತದೆ, ಅಷ್ಟೆ. ಬಂಡೀಪುರಕ್ಕೆ ಹೊಂದಿಕೊಂಡಿರುವ ಮುದುಮಲೆಯ ಕಾಡಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 1988ರಲ್ಲಿ 50 ಹೆಕ್ಟೇರುಗಳ ಒಂದು ಭಾಗವನ್ನು ಗುರುತಿಸಿ, ಅದರೊಳಗಿನ ಬೆರಳುಗಾತ್ರದ ಗಿಡವನ್ನೂ ಬಿಡದೆ ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟು, ಹುಟ್ಟುಸಾವುಗಳ ದಾಖಲೆಯನ್ನು ಇಡಲಾರಂಭಿಸಿದರು. ಆ ತಾಳ್ಮೆಯ ಕೆಲಸದಿಂದ ತಿಳಿದುಬಂದ ಸಂಗತಿಗಳಲ್ಲಿ ಒಂದು ಇದು: ಬೆಂಕಿಯ ವರ್ಷಗಳಲ್ಲಿ ಸಾಯುವವು ಹೆಚ್ಚಾಗಿ ತೆಳುಕಾಂಡದ ಎಳೆಯ ಗಿಡಗಳು, ದೊಡ್ಡ ಮರಗಳು ಬಹುಪಾಲು ಉಳಿಯುತ್ತವೆ. ಸತ್ತಂತೆ ಕಂಡ ಎಳೆಯ ಗಿಡಗಳಲ್ಲಿ ಕೂಡ ಅನೇಕವು ಬೇರಿನಿಂದ ಮತ್ತೆ ಚಿಗುರುತ್ತವೆ.

ಹಾಗಿದ್ದರೆ ಚಿಂತೆಯೇಕೆ? ಚಿಂತೆ ಇರುವುದು ಬೆಂಕಿ ಮರಳಿ ಬರುವ ಅವಧಿಯಲ್ಲಿ. ಬೇರಿನಿಂದ ಚಿಗುರಿದ ಗಿಡ ಉರಿಯ ನಾಲಗೆಗೆ ಎಟುಕದಷ್ಟು ಎತ್ತರ ಬೆಳೆಯಲು ಕೆಲವು ವರ್ಷಗಳಾದರೂ ಬೇಕು. ಅಷ್ಟರೊಳಗೆ ಇನ್ನೊಂದು ಬೆಂಕಿ ಬಂದರೆ ಅದು ಮತ್ತೆ ನೆಲಸಮ. ಮತ್ತೆ ಚಿಗುರುತ್ತದೆ, ಮತ್ತೆ ಸುಡುತ್ತದೆ. ಹೀಗೆ ಎರಡು ಮೂರು ವರ್ಷಕ್ಕೊಮ್ಮೆ ಸುಟ್ಟ ಕಾಡನ್ನು ದೂರದಿಂದ ನೋಡಿದರೆ ಏನೂ ಕೊರತೆ ಕಾಣುವುದಿಲ್ಲ. ಹೆಮ್ಮರಗಳು ನಿಂತಿರುತ್ತವೆ, ನೆಲ ಹಸಿರಾಗಿರುತ್ತದೆ. ಹತ್ತಿರ ಹೋಗಿ ನಡುವಿನ ಎತ್ತರವನ್ನು ಹುಡುಕಿದರೆ, ಆಳೆತ್ತರದಿಂದ ಮನೆಯೆತ್ತರದವರೆಗಿನ ಯುವಮರಗಳೇ ಇರುವುದಿಲ್ಲ. ಮುದುಕರು ಮಾತ್ರ ಉಳಿದು ಮಕ್ಕಳಿಲ್ಲದ ಊರಿನಂತೆ ಆ ಕಾಡು. ಮುದುಕರು ಒಬ್ಬೊಬ್ಬರಾಗಿ ಹೋದ ಮೇಲೆ ಅಲ್ಲಿ ಉಳಿಯುವುದೇನು?

ಬೆಟ್ಟದ ಮೇಲ್ಭಾಗದ ಕಥೆ ಬೇರೆ. ಗೋಪಾಲಸ್ವಾಮಿ ಬೆಟ್ಟ 1,454 ಮೀಟರ್ ಎತ್ತರದ್ದು. ವರ್ಷದ ಹಲವು ತಿಂಗಳು ಮಂಜು ಕವಿಯುವುದರಿಂದಲೇ ಅದಕ್ಕೆ ಹಿಮವದ್ ಎಂಬ ವಿಶೇಷಣ ಬಂದಿದೆ. ಅಲ್ಲಿ ನೆತ್ತಿಯ ಮೇಲೆ ಹುಲ್ಲಿನ ಬೋಳುಬೆಟ್ಟ, ಕಣಿವೆಯ ಮಡಿಲುಗಳಲ್ಲಿ ಗಿಡ್ಡನೆಯ ದಟ್ಟವಾದ ಶೋಲೆಕಾಡು. ಬಿಳಿಗಿರಿರಂಗನ ಬೆಟ್ಟ, ಬಾಬಾಬುಡನಗಿರಿ, ಕುದುರೆಮುಖಗಳಲ್ಲಿಯೂ ಇದೇ ಜೋಡಿಯನ್ನು ಕಾಣುತ್ತೇವೆ. ಇಲ್ಲಿ ಹುಲ್ಲಿಗೂ ಶೋಲೆಗೂ ಬೆಂಕಿಯೊಡನೆ ಇರುವ ಸಂಬಂಧ ಒಂದೇ ಅಲ್ಲ. ಹುಲ್ಲಿನ ಕುಡಿ ಮಣ್ಣಿನೊಳಗೆ ಸುರಕ್ಷಿತವಾಗಿರುತ್ತದೆ; ಮೇಲಿನ ಒಣಗರಿ ಸುಟ್ಟರೆ ಎರಡು ಮಳೆಗೇ ಹೊಸಗರಿ ಬರುತ್ತದೆ. ಶೋಲೆಯ ಮರಗಳ ತೊಗಟೆ ತೆಳು, ನೆರಳು ತಂಪುಗಳಲ್ಲಿ ಬೆಳೆದ ಸುಕುಮಾರ ಜೀವ ಅವುಗಳದು. ಸಾಮಾನ್ಯ ವರ್ಷಗಳಲ್ಲಿ ಅವುಗಳ ತೇವವೇ ಅವುಗಳಿಗೆ ಕೋಟೆ. ಹುಲ್ಲಿನ ಬೆಂಕಿ ಶೋಲೆಯ ಅಂಚಿಗೆ ಬಂದು ತಾನಾಗಿ ನಂದುತ್ತದೆ. ಬರದ ವರ್ಷದಲ್ಲಿ, ಬಿರುಗಾಳಿಯಲ್ಲಿ ಆ ಕೋಟೆಯ ಅಂಚು ಕುಸಿಯುತ್ತದೆ. ಅಂಚಿನ ನಾಲ್ಕು ಮರ ಸತ್ತರೆ ಅಲ್ಲಿ ಬಿಸಿಲು ಒಳಗಿಳಿಯುತ್ತದೆ, ಹುಲ್ಲು ಒಳಗೆ ಕಾಲಿಡುತ್ತದೆ. ಮುಂದಿನ ಬೆಂಕಿಗೆ ಇನ್ನು ನಾಲ್ಕು ಮಾರು ದಾರಿ ಸಿದ್ಧವಾಗಿರುತ್ತದೆ. ಆ ಶೋಲೆಯ ತರಗಿನ ಹಾಸಿಗೆಯೇ ಮಳೆಯ ನೀರನ್ನು ಹೀರಿಟ್ಟುಕೊಂಡು ಬೇಸಗೆಯಲ್ಲಿ ತೊರೆಗೆ ಬಿಡುತ್ತಿತ್ತು ಎಂಬುದನ್ನು ನೆನೆದರೆ, ಹೋದದ್ದು ನಾಲ್ಕು ಮರ ಮಾತ್ರವಲ್ಲವೆಂಬುದು ತಿಳಿಯುತ್ತದೆ.

ಇಂಥ ಬೋಳುಬೆಟ್ಟಗಳನ್ನು ಹೋಲುವ ಭೂಮಿ ಇಂಗ್ಲೆಂಡ್, ಸ್ಕಾಟ್ಲೆಂಡುಗಳಲ್ಲಿಯೂ ಇದೆ. ಅದನ್ನು ಅವರು ಮೂರ್‌ಲ್ಯಾಂಡ್ ಎನ್ನುತ್ತಾರೆ. ಅಲ್ಲಿನ ಅನುಭವವನ್ನು ಇಲ್ಲಿ ಪಕ್ಕಕ್ಕಿಟ್ಟು ನೋಡುವುದು ಉಪಯುಕ್ತ. ಮ್ಯಾಂಚೆಸ್ಟರ್ ನಗರದ ಪೂರ್ವಕ್ಕಿರುವ ಸ್ಯಾಡಲ್‌ವರ್ತ್ ಬಯಲಿಗೆ 2018ರ ಜೂನ್ 24ರಂದು ಬೆಂಕಿ ಬಿತ್ತು. ಸೈನಿಕರನ್ನು ಕರೆಸಲಾಯಿತು, ಮೇಲಿನ ಜ್ವಾಲೆ ತಗ್ಗಿದರೂ ಬೆಂಕಿ ಪೂರ್ತಿಯಾಗಿ ಆರಲು ಮೂರು ವಾರಗಳಿಗಿಂತ ಹೆಚ್ಚು ಹಿಡಿಯಿತು. ಕಾರಣ, ಅಲ್ಲಿ ಉರಿದದ್ದು ಗಿಡ ಮಾತ್ರವಲ್ಲ, ನೆಲವೇ. ಆ ಬಯಲಿನ ಮಣ್ಣು ‘ಪೀಟ್’ ಎಂಬುದು. ತಂಪು ನಾಡಿನ ಜೌಗಿನಲ್ಲಿ ಪಾಚಿಯೂ ಹುಲ್ಲೂ ಕೊಳೆಯದೆ ಪದರಪದರವಾಗಿ ಒತ್ತಿ ಆದ ಮಣ್ಣು ಅದು. ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್‌ನಂತೆ ಬೆಳೆಯುತ್ತದೆ. ಒಂದು ಗೇಣು ಪೀಟ್ ಸುಟ್ಟಿತೆಂದರೆ ಎರಡು ಶತಮಾನಗಳ ಸಂಚಯ ಹೋಯಿತೆಂದೇ ಅರ್ಥ. ಇನ್ನೊಂದು ಸಂಗತಿ: ಹತ್ತೊಂಬತ್ತನೆಯ ಶತಮಾನದಲ್ಲಿ ಆ ಪ್ರದೇಶದ ಕಾರ್ಖಾನೆಗಳ ಹೊಗೆ ಅಲ್ಲಿನ ಜೌಗುಪಾಚಿಯನ್ನು ಕೊಂದಿತ್ತು. ನೀರನ್ನು ಹಿಡಿದಿಡುತ್ತಿದ್ದ ಪಾಚಿ ಹೋದುದರಿಂದ ಬಯಲು ಒಣಗಿತ್ತು. ಈಗ ಅಲ್ಲಿನವರು ಕೊರಕಲುಗಳಿಗೆ ಸಣ್ಣ ಸಣ್ಣ ಕಟ್ಟೆಗಳನ್ನು ಹಾಕಿ ನೀರು ನಿಲ್ಲಿಸುತ್ತ, ಪಾಚಿಯನ್ನು ಹಿಡಿಹಿಡಿಯಾಗಿ ಮತ್ತೆ ನೆಡುತ್ತಿದ್ದಾರೆ. ನಮ್ಮ ಬೆಟ್ಟಗಳಲ್ಲಿ ನೆಲ ಉರಿಯುವುದಿಲ್ಲ. ಆ ಮಟ್ಟಿಗೆ ನಾವು ಪುಣ್ಯವಂತರು. ಆದರೆ ಆ ದೂರದ ಬಯಲು ನಮಗೆ ಕಲಿಸುವ ಪಾಠವೊಂದಿದೆ. ಬೆಂಕಿಯ ಅನಂತರ ಏನಾಗುತ್ತದೆ ಎಂಬುದು ಬೆಂಕಿಗೆ ಮುಂಚೆ ನಾವು ಆ ನೆಲವನ್ನು ಹೇಗೆ ನಡೆಸಿಕೊಂಡೆವು ಎಂಬುದನ್ನೇ ಅವಲಂಬಿಸಿರುತ್ತದೆ.

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಮತ್ತೆ ನಮ್ಮ ಕಾಡಿಗೆ ಬರೋಣ. ಬಸ್ಸಿನ ಕಿಟಕಿಯಿಂದ ನಾನು ಕಂಡ ಹಸಿರಿನಲ್ಲಿ ಒಂದು ಭಾಗ ಹುಲ್ಲು, ಒಂದು ಭಾಗ ಮರದ ಬೇರಿನ ಚಿಗುರು. ಉಳಿದ ದೊಡ್ಡ ಭಾಗ ಲಂಟಾನ. ಕೆಲವು ಕಡೆ ಇದನ್ನು ರೋಜವಾರ ಎನ್ನುತ್ತಾರೆ. ಕೆಂಪು, ಹಳದಿ, ನಸುಗೆಂಪು ಹೂಗೊಂಚಲುಗಳ ಈ ಮುಳ್ಳುಪೊದೆಯ ತವರು ಅಮೆರಿಕ ಖಂಡದ ಉಷ್ಣಪ್ರದೇಶ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಲಂಕಾರದ ಗಿಡವಾಗಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದದ್ದು, ಹಕ್ಕಿಗಳ ಹೊಟ್ಟೆಯಲ್ಲಿ ಕುಳಿತು ದೇಶವನ್ನೆಲ್ಲ ಸುತ್ತಿತು. ಬಿಳಿಗಿರಿರಂಗನ ಬೆಟ್ಟದಲ್ಲಿ ಬೆಂಗಳೂರಿನ ‘ಏಟ್ರೀ’ ಸಂಸ್ಥೆಯ ಸಂಶೋಧಕರು 1997ರಲ್ಲಿ ಒಮ್ಮೆ, 2008ರಲ್ಲಿ ಇನ್ನೊಮ್ಮೆ ಒಂದೇ ಜಾಗಗಳನ್ನು ಪರಿಶೀಲಿಸಿದರು. ಮೊದಲ ಸಲ ಶೇಕಡಾ 40ರಷ್ಟು ಜಾಗಗಳಲ್ಲಿ ಕಂಡ ಲಂಟಾನ, ಹನ್ನೊಂದು ವರ್ಷಗಳ ಅನಂತರ ಶೇಕಡಾ 80ರಷ್ಟು ಜಾಗಗಳಲ್ಲಿತ್ತು.

ಈ ಪೊದೆಗೂ ಬೆಂಕಿಗೂ ಒಂದು ದುಷ್ಟಮೈತ್ರಿ ಇದೆ. ಬೇಸಗೆಯಲ್ಲಿ ಇದರ ಕಡ್ಡಿಗಳು ಒಣಗಿ ಹೆಣೆದುಕೊಂಡು ಸೌದೆಯ ರಾಶಿಯಂತಾಗುತ್ತವೆ. ಸಾಮಾನ್ಯವಾದ ತರಗಿನ ಬೆಂಕಿ ಮೊಳಕಾಲೆತ್ತರ. ಲಂಟಾನ ಸಿಕ್ಕಿದರೆ ಅದು ಆಳೆತ್ತರವನ್ನು ಮೀರುತ್ತದೆ. ಮರಗಳ ಮೇಲೆ ಹಬ್ಬಿದ ಪೊದೆ ಬೆಂಕಿಗೆ ಏಣಿಯಾಗಿ ಅದನ್ನು ಕೊಂಬೆಗಳವರೆಗೆ ಹತ್ತಿಸುತ್ತದೆ. ದಪ್ಪ ತೊಗಟೆಯ ಮತ್ತಿಗೂ ಆ ಕಾವು ಸಹ್ಯವಲ್ಲ. ಉರಿ ಆರಿದ ಮೇಲೆ ಮರ ಸತ್ತಿರುತ್ತದೆ. ಲಂಟಾನದ ಬುಡ ಬದುಕಿರುತ್ತದೆ. ಮೊದಲ ಮಳೆಗೆ ಎಲ್ಲರಿಗಿಂತ ಮುಂಚೆ ಚಿಗುರಿ, ಬೂದಿಯ ಸತ್ತ್ವವನ್ನೂ ಬಯಲಾದ ಬಿಸಿಲನ್ನೂ ತಾನೇ ಬಳಸಿಕೊಂಡು, ನೆಲ್ಲಿಯ ಸಸಿಗೂ ಹುಲ್ಲಿಗೂ ಎಡೆಗೊಡದೆ ಹಬ್ಬುತ್ತದೆ. ಜಿಂಕೆ ಅದನ್ನು ಮೇಯುವುದಿಲ್ಲ. ದನ ತಿಂದರೆ ಅದಕ್ಕೆ ವಿಷ. ಹೀಗೆ ಬೆಂಕಿ ಲಂಟಾನಕ್ಕೆ ಜಾಗ ಮಾಡಿಕೊಡುತ್ತದೆ, ಲಂಟಾನ ಮುಂದಿನ ಬೆಂಕಿಗೆ ಸೌದೆ ಕೂಡಿಡುತ್ತದೆ. ಎರಡು ಮೂರು ವರ್ಷಗಳ ಅನಂತರ ಅದೇ ಬೆಟ್ಟದ ದಾರಿಯಲ್ಲಿ ಹೋದಾಗ, ಮೊದಲ ಮಳೆಗಾಲದಲ್ಲಿ ಹುಲ್ಲು ಕಂಡಿದ್ದ ಕೆಲವು ಇಳುಕಲುಗಳಲ್ಲಿ ಈ ಹೂವೇ ನಗುತ್ತಿದ್ದುದನ್ನು ನಾನು ನೋಡಿದೆ. ಪ್ರಯಾಣಿಕರು ಅದರ ಚಿತ್ರ ತೆಗೆದುಕೊಳ್ಳುತ್ತಿದ್ದರು. ಹೂವು ಅಂದವಾಗಿಯೇ ಇತ್ತು.

ಹಾಗಾದರೆ ಲಂಟಾನ ಇಷ್ಟು ಹಬ್ಬಲು ಎಡೆಯಾದದ್ದು ಹೇಗೆ? ಇದಕ್ಕೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕೊಡುವ ಉತ್ತರ ನಾವು ಕಿವಿಗೊಟ್ಟು ಕೇಳಬೇಕಾದದ್ದು. ಅವರ ಹಿರಿಯರು ಪ್ರತಿವರ್ಷ ಜನವರಿ ಫೆಬ್ರುವರಿಗಳಲ್ಲಿ, ಬೇಸಗೆ ಬಲಿಯುವ ಮುನ್ನ, ನೆಲದಲ್ಲಿ ಇನ್ನೂ ತಂಪು ಉಳಿದಿರುವಾಗ, ಉದುರಿದ ಎಲೆಗೆ ಅಲ್ಲಲ್ಲಿ ಕಿಡಿ ತಾಗಿಸುತ್ತಿದ್ದರು. ಅದನ್ನು ಅವರು ‘ತರಗು ಬೆಂಕಿ’ ಎನ್ನುತ್ತಾರೆ. ಅದು ತರಗನ್ನು ಮಾತ್ರ ಸುಟ್ಟು, ಮರಕ್ಕೆ ಕೇಡು ಮಾಡದೆ ನಂದುತ್ತಿತ್ತು. ಒಂದು ಪಾಲು ಸುಟ್ಟು ಒಂದು ಪಾಲು ಉಳಿದ ಕಾಡಿನಲ್ಲಿ ದೊಡ್ಡ ಬೆಂಕಿಗೆ ಓಡಲು ದಾರಿ ಇರುತ್ತಿರಲಿಲ್ಲ. ಪೊದೆಗಳು ಎಳೆಯವಾಗಿರುವಾಗಲೇ ಅಡಗುತ್ತಿದ್ದವು. ನೆಲ್ಲಿಯ ಮರಕ್ಕೆ ಅಂಟಿ ಅದರ ರಸ ಹೀರುವ ಬದನಿಕೆಯೂ ಹೊಗೆ ಕಾವುಗಳಿಂದ ಹತೋಟಿಯಲ್ಲಿರುತ್ತಿತ್ತು ಎಂಬುದು ಅವರ ತಿಳಿವಳಿಕೆ. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ಬೆಂಕಿ ಹಚ್ಚುವುದು ಅಪರಾಧವಾಯಿತು. ಕಾಡಿನ ಹಿತಕ್ಕಾಗಿಯೇ ಮಾಡಿದ ನಿಯಮ ಅದು. ಆದರೆ ಸಣ್ಣ ಬೆಂಕಿ ನಿಂತ ಮೇಲೆ ತರಗು ಕೂಡಿಬಿದ್ದಿತು, ಲಂಟಾನ ಎಳೆತನದಲ್ಲಿಯೇ ಅಡಗದೆ ಬೆಳೆಯಿತು, ಅವೆರಡೂ ಕೂಡಿ ದೊಡ್ಡ ಬೆಂಕಿಗಾಗಿ ಕಾದು ಕುಳಿತವು ಎಂದು ಸೋಲಿಗರು ಹೇಳುತ್ತಾರೆ.

ಅವರ ಮಾತನ್ನು ಪೂರ್ತಿಯಾಗಿ ಒಪ್ಪದ ವಿಜ್ಞಾನಿಗಳೂ ಇದ್ದಾರೆ. ಬಿದಿರು ಸತ್ತದ್ದು, ದನ ಮೇಯುವಿಕೆ, ಮಳೆಯ ಏರುಪೇರು ಇವೆಲ್ಲವೂ ಕಾರಣಗಳಿರಬಹುದು. ಇನ್ನೊಂದು ತೊಡಕೂ ಇದೆ. ಈಗ ಲಂಟಾನ ತುಂಬಿಹೋಗಿರುವ ಕಾಡಿಗೆ ಹಳೆಯ ತರಗು ಬೆಂಕಿಯನ್ನು ಹಾಗೆಯೇ ಹಾಕಲು ಬರುವುದಿಲ್ಲ. ಅದು ತರಗಿನ ಬೆಂಕಿಯಾಗಿ ಉಳಿಯದೆ ದಾವಾನಲವಾಗುತ್ತದೆ. ಮೊದಲು ಪೊದೆಯನ್ನು ಬೇರುಸಹಿತ ಕಿತ್ತು, ನೆಲ ಹದಕ್ಕೆ ಬಂದ ಮೇಲೆ ಬೆಂಕಿಯ ಮಾತು. 2011ರಲ್ಲಿ ಅದೇ ಬೆಟ್ಟದ ಸೋಲಿಗರಿಗೆ ಅರಣ್ಯಹಕ್ಕು ಕಾಯಿದೆಯ ಪ್ರಕಾರ ಸಮುದಾಯದ ಹಕ್ಕುಗಳು ದೊರೆತಿವೆ. ಅವರ ಅರಿವನ್ನೂ ವಿಜ್ಞಾನಿಗಳ ಅಳತೆಗೋಲನ್ನೂ ಒಂದೇ ಇಳಿಜಾರಿನ ಮೇಲೆ ಒಟ್ಟಿಗೆ ಪರೀಕ್ಷಿಸಿ ನೋಡಲು ಇದಕ್ಕಿಂತ ಒಳ್ಳೆಯ ಅವಕಾಶ ಯಾವುದು?

ಸುಟ್ಟ ಕಾಡಿಗೆ ಏನಾದರೂ ಮಾಡಬೇಕೆಂಬ ತವಕ ನಮ್ಮ ಪಟ್ಟಣಗಳ ಸಹೃದಯರಲ್ಲಿ ಇದೆ, ಅದು ಗೌರವಾರ್ಹವಾದದ್ದು. ಬೀಜದುಂಡೆಗಳನ್ನು ಕಟ್ಟಿ ಕಾಡಿಗೆ ಎಸೆದು ಬರುವವರನ್ನು ನಾನು ಬಲ್ಲೆ. ಆದರೆ ಸುಟ್ಟ ಕಾಡಿಗೆ ಬೀಜದ ಕೊರತೆ ಇರುವುದು ಅಪರೂಪ. ಅದರ ಬೀಜವೂ ಬೇರೂ ನೆಲದೊಳಗೇ ಇವೆ. ಕೊರತೆಯಿರುವುದು ಬಿಡುವಿಗೆ, ಬೇರಿನಿಂದ ಎದ್ದ ಚಿಗುರು ಮರವಾಗುವವರೆಗಿನ ಬಿಡುವಿಗೆ. ಆ ಬಿಡುವನ್ನು ಕೊಡಿಸುವ ಕೆಲಸದಲ್ಲಿ ವೈಭವವಿಲ್ಲ. ಸುಟ್ಟ ಮೊದಲ ಮಳೆಗಾಲದಲ್ಲಿ, ನೆಲ ಮೆತ್ತಗಿರುವಾಗ, ಲಂಟಾನದ ಬುಡವನ್ನು ಕೀಳಬೇಕು. ಹೂಬಿಡುವ ಮುನ್ನ ಮತ್ತೆ ಬಂದು, ಉಳಿದದ್ದನ್ನು ಕೀಳಬೇಕು. ಮುಂದಿನ ವರ್ಷವೂ, ಅದರ ಮುಂದಿನ ವರ್ಷವೂ ಇದೇ ಕೆಲಸ. ಕಿತ್ತ ಕಡ್ಡಿ ಕೂಡ ವ್ಯರ್ಥವಲ್ಲ. ಮಲೆಮಹದೇಶ್ವರ ಬೆಟ್ಟದ ಸೀಮೆಯಲ್ಲಿ ಸೋಲಿಗರು ಅದರಿಂದ ಕುರ್ಚಿ, ಬುಟ್ಟಿಗಳನ್ನು ಹೆಣೆಯುತ್ತಿದ್ದಾರೆ. ಡಿಸೆಂಬರ್ ಬಂತೆಂದರೆ ಬೆಂಕಿರೇಖೆಗಳನ್ನು ಸವರಿ, ಬಿಸಿಲೇರುವ ಮುನ್ನ ಸುಟ್ಟಿಡಬೇಕು. ಈ ಕೆಲಸಕ್ಕೆ ಬೇಕಾದವರು ಬೇಸಗೆಯ ಮೂರು ತಿಂಗಳಿಗೆ ದಿನಗೂಲಿಗೆ ಬಂದು ಮಳೆ ಬೀಳುತ್ತಲೇ ಕೈಬಿಡಲ್ಪಡುವ ಕಾವಲುಗಾರರಲ್ಲ. ವರ್ಷವಿಡೀ ಆ ನೆಲದ ಮೇಲೆ ಕಣ್ಣಿಟ್ಟಿರಬಲ್ಲವರು. ಕಾಡಿನ ಅಂಚಿನ ಹಾಡಿಗಳಲ್ಲಿಯೂ ಹಳ್ಳ���ಗಳಲ್ಲಿಯೂ ಅಂಥವರಿಗೆ ಕೊರತೆಯಿಲ್ಲ.

ಇಲ್ಲಿ ಇನ್ನೂ ಒಂದು ಮಾತನ್ನು ಹೇಳಲೇಬೇಕು. ಎರಡು ಬಿದಿರು ಉಜ್ಜಿ ಕಾಡಿಗೆ ಬೆಂಕಿ ಬಿತ್ತು ಎಂಬುದು ಕೇಳಲು ಸೊಗಸಾದ ಮಾತು. ನಮ್ಮ ಒಣಕಾಡುಗಳ ಬೆಂಕಿ ಬಹುಮಟ್ಟಿಗೆ ಮನುಷ್ಯನ ಕೈಯಿಂದಲೇ ಬರುತ್ತದೆ. ಎಸೆದ ಬೀಡಿಯ ತುಂಡಿನಿಂದ, ಹೊಸ ಹುಲ್ಲಿನ ಆಸೆಯಿಂದ, ಕೆಲವೊಮ್ಮೆ ಸಿಟ್ಟಿನಿಂದ. ಬೆಳೆಯನ್ನು ಆನೆಗೆ ಕಳೆದುಕೊಂಡು ಪರಿಹಾರಕ್ಕೆ ಅಲೆದವನಿಗೆ, ಅಜ್ಜನ ಕಾಲದಿಂದ ಜೇನು ನೆಲ್ಲಿಕಾಯಿ ತರುತ್ತಿದ್ದ ಕಾಡಿನಲ್ಲಿ ಅಪರಾಧಿಯಂತೆ ಕಾಣಿಸಿಕೊಂಡವನಿಗೆ, ಆ ಕಾಡು ಉರಿದರೆ ತನ್ನದೇನೋ ಉರಿಯಿತು ಎಂದು ಅನಿಸುವುದು ಹೇಗೆ? ಇದು ಬೆಂಕಿ ಹಚ್ಚುವುದಕ್ಕೆ ಸಮರ್ಥನೆಯಲ್ಲ. ಆದರೆ ಸುಟ್ಟ ನೆಲದಲ್ಲಿ ಚಿಗುರನ್ನು ಕಾಯಬೇಕಾದವರು ಯಾರು ಎಂದು ಯೋಚಿಸುವಾಗ ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲು ಸಾಧ್ಯವಿಲ್ಲ. ಕಾವಲು ಎಂಬುದು ಸಂಬಳದಿಂದಲೇ ಹುಟ್ಟುವ ಗುಣವಲ್ಲ. ನನ್ನದು ಎಂಬ ಭಾವದಿಂದ ಹುಟ್ಟುವುದು.

ಕೇಳುಗರೇ, ಮುಂದಿನ ಸಲ ನೀವು ಆ ದಾರಿಯಲ್ಲಿ ಹೋಗುವಾಗ ಹಸಿರನ್ನು ಕಂಡು ಸಂತೋಷಪಡಿ, ಅದರಲ್ಲಿ ತಪ್ಪಿಲ್ಲ. ಅದರೊಂದಿಗೆ ಆಳೆತ್ತರದ ಮತ್ತಿಯ ಗಿಡವೊಂದು, ಹೊನ್ನೆಯ ಗಿಡವೊಂದು, ನೆಲ್ಲಿಯ ಗಿಡವೊಂದು ಎಲ್ಲಿಯಾದರೂ ಇದೆಯೇ ಎಂದು ಹುಡುಕಿ. ಸಿಕ್ಕಿದರೆ, ಆ ಜಾಗದಲ್ಲಿ ಕಾಡು ಹಿಂದಿರುಗುತ್ತಿದೆ ಎಂದು ತಿಳಿಯಿರಿ. ಸಿಗದಿದ್ದರೆ, ಅಲ್ಲಿ ಬೆಂಕಿ ಇನ್ನೂ ಆರಿಲ್ಲ.